ಮಂಗಳೂರು–ಉಡುಪಿಯಲ್ಲಿ ಅನಿಮಲ್ ಹೌಸ್ ಕೆಲಸ: ಕೇಜ್ ತೊಳೆಯುವುದರಿಂದ ಮ್ಯಾನೇಜರ್ ಆಗುವವರೆಗೆ

"ಇಷ್ಟು ಓದಿ ಇಲಿ ಸಾಕ್ಲಿಕ್ಕೆ ಹೋಗುದಾ ಮಾರಾಯ?" ಅಂತ ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಕೇಳಲಿ. ಮಣಿಪಾಲದಿಂದ ದೇರಳಕಟ್ಟೆವರೆಗೆ ಮೆಡಿಕಲ್, ಫಾರ್ಮಸಿ, ಆಯುರ್ವೇದ ಕಾಲೇಜುಗಳು ಸಾಲಾಗಿ ನಿಂತಿವೆ. ಔಷಧದ ಮೇಲೆ ಸಂಶೋಧನೆ ಮಾಡುವ ಕಾಲೇಜಿಗೆ ಅನಿಮಲ್ ಹೌಸ್, ಅಂದರೆ ಪ್ರಯೋಗಕ್ಕೆ ಪ್ರಾಣಿ ಸಾಕುವ ಕಟ್ಟಡ ಬೇಕು. ಅಲ್ಲಿ ಮೈಸ್ (ಚಿಕ್ಕ ಇಲಿ), ರ‍್ಯಾಟ್ (ದೊಡ್ಡ ಇಲಿ), ಮೊಲ, ಗಿನಿಪಿಗ್ ಇರುತ್ತವೆ. ಅವುಗಳಿಗೆ ಭಾನುವಾರ ಗೊತ್ತಿಲ್ಲ, ಬಂದ್ ಗೊತ್ತಿಲ್ಲ. ವರ್ಷಪೂರ್ತಿ ಅವುಗಳನ್ನು ನೋಡಿಕೊಳ್ಳಲು ಜನ ಬೇಕು, ಆ ಜನರನ್ನೂ ಕಟ್ಟಡವನ್ನೂ ನಡೆಸಲು ಒಬ್ಬರು ಬೇಕು. ಈ ಕೆಲಸದ ಬಗ್ಗೆ ಕಾಲೇಜಿನಲ್ಲಿ ಯಾರೂ ಹೇಳುವುದಿಲ್ಲ. ಅದಕ್ಕೇ ಅರ್ಜಿ ಹಾಕುವವರೂ ಕಡಿಮೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೇರೆ ಊರಿನಲ್ಲಿ ಪ್ರಾಣಿಯನ್ನು ಕಲಿತರೆ ಅರ್ಧ ಕೆಲಸ ಬಂದ ಹಾಗೆ. ಕರಾವಳಿಯಲ್ಲಿ ಕಟ್ಟಡವನ್ನೂ ಕಲಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಣೆಯನ್ನು ಒಣಗಿಸಿಟ್ಟುಕೊಳ್ಳಲು ಗೊತ್ತಿರುವವರೇ ಇಲ್ಲಿ ಮೇಲೆ ಹೋಗುವುದು.

1. ನಿಮಗೆ ಆಗುತ್ತದಾ, ನೋಡಿಕೊಳ್ಳಿ

ಇಲ್ಲಿಯ ಹೆಚ್ಚಿನ ಪ್ರಾಣಿಗಳು ಪ್ರಯೋಗ ಮುಗಿದ ಮೇಲೆ ಬದುಕುವುದಿಲ್ಲ. ಬೆಳಗ್ಗೆ ನೀರು ಕೊಟ್ಟ ಪ್ರಾಣಿಯನ್ನು ನೋವಿಲ್ಲದೆ ಸಾಯಿಸುವ ಹೊತ್ತಿಗೆ ನೀವೇ ಪಕ್ಕದಲ್ಲಿ ನಿಲ್ಲಬೇಕಾಗಬಹುದು. ಇದನ್ನು ಸೇರಿದ ಮೇಲೆ ತಿಳಿದುಕೊಂಡು ಬಿಟ್ಟುಹೋದವರು ಜಾಸ್ತಿ. ಪ್ರಾಣಿ ಕಂಡರೆ ಇಷ್ಟ ಅನ್ನುವವರು ಬರಬಾರದು ಅಂತಲ್ಲ, ಬರಬೇಕು. ಇಷ್ಟವೇ ಇಲ್ಲದವರ ಕೈಯಲ್ಲಿ ಪ್ರಾಣಿ ಇನ್ನೂ ಕಷ್ಟಪಡುತ್ತದೆ. ಆದರೆ ಕಣ್ಣು ತೆರೆದುಕೊಂಡು ಬನ್ನಿ.

ಎರಡನೆಯದು ಅಲರ್ಜಿ. ಇಲಿಯ ಮೂತ್ರದಲ್ಲಿರುವ ಪ್ರೋಟೀನ್ ಒಣಗಿ ಧೂಳಿನ ಜೊತೆ ಹಾರುತ್ತದೆ. ಗಂಡು ಇಲಿಯಲ್ಲಿ ಅದು ಜಾಸ್ತಿ. ಮೊದಲು ಸೀನು, ಕಣ್ಣು ತುರಿಕೆ. ಸುಮ್ನೆ ಬಿಟ್ಟರೆ ಕೆಲವರಿಗೆ ಅಸ್ತಮಾದವರೆಗೂ ಹೋಗುತ್ತದೆ. ಮೊದಲೇ ಉಬ್ಬಸ ಇರುವವರು ಸೇರುವ ಮುಂಚೆ ಡಾಕ್ಟರ ಹತ್ತಿರ ಮಾತಾಡಿ. ಸಾಧಾರಣ ಸರ್ಜಿಕಲ್ ಮಾಸ್ಕ್ ಈ ಧೂಳನ್ನು ಸರಿಯಾಗಿ ತಡೆಯುವುದಿಲ್ಲ. ಬೆಡ್ಡಿಂಗ್ (ಕೇಜ್ ತಳಕ್ಕೆ ಹಾಸುವ ಹೊಟ್ಟು) ಬದಲಿಸುವಾಗ ಎನ್95 ಕೇಳಿ ಪಡೆಯಿರಿ. ಕೆಲಸದ ಬಟ್ಟೆ ಮನೆಗೆ ತರಬೇಡಿ.

ಮೂರನೆಯದು ರಜೆ. ಅಷ್ಟಮಿ, ಮೊಂತಿ ಹಬ್ಬ, ಈದ್, ದೀಪಾವಳಿ, ಮನೆಯ ಕೋಲ, ಎಲ್ಲದಕ್ಕೂ ಯಾರಾದರೊಬ್ಬರು ಡ್ಯೂಟಿಯಲ್ಲಿ ಇರಲೇಬೇಕು. ನಮ್ಮ ಕಡೆ ಎಲ್ಲ ಧರ್ಮದವರೂ ಒಂದೇ ಕಡೆ ಕೆಲಸ ಮಾಡುವುದರಿಂದ ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ನಿಲ್ಲುತ್ತಾರೆ. ಮೇ ತಿಂಗಳ ಮದುವೆ ಸೀಸನ್ ಮಾತ್ರ ಯಾರಿಗೂ ಬಗೆಹರಿದಿಲ್ಲ.

2. ಯಾವ ಬಾಗಿಲು ನಿಮ್ಮದು

ಅಟೆಂಡರ್ ಕೆಲಸಕ್ಕೆ ಎಸ್ಸೆಸ್ಸೆಲ್ಸಿ, ಪಿಯುಸಿ ಸಾಕಾಗುತ್ತದೆ. ಕೇಜ್ ತೊಳೆಯುವುದು, ಪೆಲೆಟ್ (ಪ್ರಾಣಿಗಳ ಒಣ ಆಹಾರದ ಗುಳಿಗೆ), ನೀರು, ಕೋಣೆ ಸ್ವಚ್ಛ ಮಾಡುವುದು. ಟೆಕ್ನಿಷಿಯನ್ ಆಗಲು ಬಿಎಸ್ಸಿ ಝುವಾಲಜಿ, ಡಿಎಂಎಲ್‌ಟಿ, ಫಾರ್ಮಸಿ ಅಥವಾ ಪಶುಸಂಗೋಪನಾ ಡಿಪ್ಲೊಮಾ ಓದಿದವರಿಗೆ ದಾರಿ ಸುಲಭ. ಈ ಡಿಪ್ಲೊಮಾ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದು, ಎಸ್ಸೆಸ್ಸೆಲ್ಸಿ ಆದಮೇಲೆ 2 ವರ್ಷ. ಹಳ್ಳಿಯಲ್ಲಿ ದನ ಕಟ್ಟಿ ಬೆಳೆದ ಹುಡುಗ ಹುಡುಗಿಯರಿಗೆ ಇದು ಚೆನ್ನಾಗಿ ಹೊಂದುತ್ತದೆ.

ಪಶುವೈದ್ಯರಾದರೆ ಬಿವಿಎಸ್ಸಿ ಆಂಡ್ ಎಎಚ್, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಕರಾವಳಿಯವರು ಹಾಸನ, ಶಿವಮೊಗ್ಗ ಅಥವಾ ಬೆಂಗಳೂರಿನ ಹೆಬ್ಬಾಳಕ್ಕೆ ಹೋಗಿ ಓದುತ್ತಾರೆ. ಪದವಿ ಮುಗಿಸಿದವರಲ್ಲಿ ಹೆಚ್ಚಿನವರ ಕಣ್ಣು ಸರ್ಕಾರಿ ಪಶು ಆಸ್ಪತ್ರೆಯ ಮೇಲೆ, ಇಲ್ಲವೇ ನಾಯಿ ಬೆಕ್ಕಿನ ಕ್ಲಿನಿಕ್ ಮೇಲೆ. ಲ್ಯಾಬ್ ಪ್ರಾಣಿಗಳ ಕಡೆ ಬರುವವರು ಕಡಿಮೆ. ಬಂದವರಿಗೆ ಬೆಲೆ ಇದೆ. ಯಾಕೆ ಅಂತ ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಸಂಬಳಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿ: ನೇಮಕ ಸಂಸ್ಥೆಯ ಹೆಸರಿನಲ್ಲಾ, ಗುತ್ತಿಗೆದಾರನ ಹೆಸರಿನಲ್ಲಾ, ಅಥವಾ ಒಂದು ಪ್ರಾಜೆಕ್ಟ್ ಮುಗಿಯುವವರೆಗಾ? ಪಿಎಫ್, ಇಎಸ್ಐ ಇದೆಯಾ? ಪ್ರಾಜೆಕ್ಟ್ ಮೇಲೆ ಸೇರಿದರೆ ಹಣ ಮುಗಿದ ದಿನ ಕೆಲಸವೂ ಮುಗಿಯುತ್ತದೆ. ಕಲಿಯಲು ಅದು ಒಳ್ಳೆಯ ಜಾಗವೇ, ಆದರೆ ಸಾಲ ಮಾಡಿ ಮನೆ ಕಟ್ಟುವ ಧೈರ್ಯ ಅದರ ಮೇಲೆ ಬೇಡ.

3. ಕಾನೂನು ಓದಿಕೊಂಡು ಸಂದರ್ಶನಕ್ಕೆ ಹೋಗಿ

ಇದಕ್ಕೆ ಒಂದು ಸಂಜೆ ಸಾಕು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದ್ದು. ಅದರ 15ನೇ ಸೆಕ್ಷನ್ ಪ್ರಕಾರ ಪ್ರಾಣಿ ಪ್ರಯೋಗದ ಮೇಲೆ ಕಣ್ಣಿಡಲು ಒಂದು ಕೇಂದ್ರ ಸಮಿತಿ ಇದೆ. ಹಳಬರೆಲ್ಲ ಇನ್ನೂ ಸಿಪಿಸಿಎಸ್ಇಎ ಅನ್ನುತ್ತಾರೆ, ಈಗಿನ ಹೆಸರು ಸಿಸಿಎಸ್ಇಎ. ಪ್ರಾಣಿ ಸಾಕಣೆ ಮತ್ತು ಪ್ರಯೋಗದ ನಿಯಮಗಳು 1998ರಲ್ಲಿ ಬಂದವು, ಆಮೇಲೆ ತಿದ್ದುಪಡಿಯಾದವು. ನೋಂದಣಿ ಇಲ್ಲದ ಸಂಸ್ಥೆ ಪ್ರಾಣಿ ಪ್ರಯೋಗ ಮಾಡುವಂತಿಲ್ಲ.

ಪ್ರತಿ ಸಂಸ್ಥೆಯಲ್ಲೂ ಪ್ರಾಣಿ ನೈತಿಕ ಸಮಿತಿ ಇರಬೇಕು. ಎಲ್ಲರೂ ಐಎಇಸಿ ಅನ್ನುತ್ತಾರೆ. ಇಲಿ, ಮೊಲದಂಥ ಸಣ್ಣ ಪ್ರಾಣಿಗಳ ಪ್ರಯೋಗಕ್ಕೆ ಒಪ್ಪಿಗೆ ಕೊಡುವುದು ಇದೇ. ದೊಡ್ಡ ಪ್ರಾಣಿಯಾದರೆ ಕೇಂದ್ರ ಸಮಿತಿಗೆ ಹೋಗಬೇಕು. ಐಎಇಸಿಯಲ್ಲಿ 8 ಜನ: ಮೂವರು ವಿಜ್ಞಾನಿಗಳು, ಪಶುವೈದ್ಯರು, ಅನಿಮಲ್ ಹೌಸ್ ನೋಡಿಕೊಳ್ಳುವವರು, ಹೊರಗಿನ ಒಬ್ಬ ವಿಜ್ಞಾನಿ, ವಿಜ್ಞಾನಿಯಲ್ಲದ ಒಬ್ಬ ಸಾಮಾಜಿಕ ಸದಸ್ಯ, ಕೇಂದ್ರ ಸಮಿತಿಯ ಪ್ರತಿನಿಧಿ. ಲೆಕ್ಕ ಹಾಕಿ. ಎಂಟರಲ್ಲಿ ಎರಡು ಕುರ್ಚಿ ಈ ವೃತ್ತಿಯವರದ್ದು, ಅದೂ ಕಾನೂನಿನ ಬಲದಿಂದ. ಎಷ್ಟು ದೊಡ್ಡ ಪ್ರೊಫೆಸರ್ ಆದರೂ ಅವರ ಪ್ರಯೋಗದ ಅರ್ಜಿ ನಿಮ್ಮ ಎದುರಿಗೇ ಬರುತ್ತದೆ. ಪಶುವೈದ್ಯರಿಗೆ ಇಲ್ಲಿ ಬೆಲೆ ಇರುವುದು ಇದಕ್ಕೇ.

ಸಂದರ್ಶನದಲ್ಲಿ ಮೂರು 'ಆರ್'ಗಳನ್ನು ಕೇಳದೆ ಬಿಡುವುದಿಲ್ಲ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಹೇಳಿದ್ದು: ರಿಪ್ಲೇಸ್‌ಮೆಂಟ್, ರಿಡಕ್ಷನ್, ರಿಫೈನ್‌ಮೆಂಟ್. ಪ್ರಾಣಿ ಇಲ್ಲದೆ ಆಗುವುದಾದರೆ ಹಾಗೆ ಮಾಡಿ, ಬೇಕೇ ಬೇಕಾದರೆ ಕಡಿಮೆ ಪ್ರಾಣಿ ಬಳಸಿ, ಬಳಸುವ ಪ್ರಾಣಿಗೆ ನೋವು ಕಡಿಮೆ ಮಾಡಿ. ಬಾಯಿಪಾಠ ಒಪ್ಪಿಸುವ ಬದಲು ಒಂದು ಉದಾಹರಣೆ ಕೊಡಿ, ಎದುರಿನವರು ತಲೆ ಎತ್ತಿ ನೋಡುತ್ತಾರೆ.

ಲೆಕ್ಕವನ್ನೂ ಕೇಳಬಹುದು. 200 ಗ್ರಾಂವರೆಗಿನ ಒಂದು ರ‍್ಯಾಟ್‌ಗೆ 148.3 ಚದರ ಸೆಂಟಿಮೀಟರ್ ನೆಲ ಬೇಕು ಅನ್ನುತ್ತದೆ ಮಾರ್ಗಸೂಚಿ. 300 ಗ್ರಾಂವರೆಗಿನದ್ದಕ್ಕೆ 187. ಕೇಜ್‌ನ ತಳ 800 ಚದರ ಸೆಂಟಿಮೀಟರ್ ಇದ್ದರೆ ಚಿಕ್ಕ ರ‍್ಯಾಟ್ 5 ಇಡಬಹುದು. ಅವೇ ಬೆಳೆದು 200 ಗ್ರಾಂ ದಾಟಿದಾಗ 4 ಮಾತ್ರ. ಐದನೆಯದನ್ನು ಯಾವ ವಾರ ಬೇರೆ ಮಾಡಬೇಕು ಅಂತ ಮೊದಲೇ ಯೋಚಿಸುವವರೇ ಒಳ್ಳೆಯ ಟೆಕ್ನಿಷಿಯನ್.

4. ಕೈ ಪಳಗಿಸಿ

ಮೊದಲ ತಿಂಗಳುಗಳಲ್ಲಿ ಇಂಜೆಕ್ಷನ್ ಕಲಿಯಲು ಅವಸರ ಬೇಡ. ನೋಡಲು ಕಲಿಯಿರಿ. ಕೋಣೆಗೆ ಹೋದ ಕೂಡಲೇ ಕೇಜ್ ಮುಟ್ಟಬೇಡಿ. ಒಂದು ನಿಮಿಷ ಬಾಗಿಲ ಹತ್ತಿರ ನಿಂತು ನೋಡಿ, ಮೂಸಿ. ಕಣ್ಣಿಗೆ ಚುರುಕ್ ಅನ್ನಿಸುವಷ್ಟು ಅಮೋನಿಯಾ ಬಂದರೆ ಬೆಡ್ಡಿಂಗ್ ನಿನ್ನೆಯೇ ಬದಲಾಗಬೇಕಿತ್ತು. ಆಮೇಲೆ ಒಂದೊಂದೇ ಕೇಜ್. ರೋಮ ನಿಮಿರಿಸಿ, ಬೆನ್ನು ಗೂನು ಮಾಡಿ, ಮೂಲೆಯಲ್ಲಿ ಒಂಟಿಯಾಗಿ ಕೂತ ಇಲಿಗೆ ಹುಷಾರಿಲ್ಲ. ರ‍್ಯಾಟ್‌ನ ಕಣ್ಣು, ಮೂಗಿನ ಸುತ್ತ ಕೆಂಪು ಕಂಡರೆ ಹೊಸಬರು ರಕ್ತ ಅಂತ ಓಡಿ ಬರುತ್ತಾರೆ. ಅದು ರಕ್ತವಲ್ಲ. ಕಣ್ಣಿನ ಹಿಂದಿರುವ ಗ್ರಂಥಿಯಿಂದ ಬರುವ ಪೋರ್ಫಿರಿನ್ ಎಂಬ ಬಣ್ಣ. ಆದರೂ ಬಿಟ್ಟುಬಿಡುವಂತಿಲ್ಲ. ಇಲಿ ಒತ್ತಡದಲ್ಲಿದೆ, ಮೈ ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತಿಲ್ಲ ಅಂತ ಅದರ ಅರ್ಥ.

ನೀರಿನ ಬಾಟಲಿ ತುಂಬಿದೆ ಅಂತ ಸಮಾಧಾನ ಪಡಬೇಡಿ. ನಿನ್ನೆಯಷ್ಟೇ ನೀರು ಇವತ್ತೂ ಇದ್ದರೆ ನಳಿಕೆ ಕಟ್ಟಿಕೊಂಡಿದೆ, ಇಲ್ಲವೇ ಇಲಿ ಕುಡಿಯುತ್ತಿಲ್ಲ. ಎರಡೂ ಕೆಟ್ಟ ಸುದ್ದಿ. ನಳಿಕೆಯ ತುದಿಗೆ ಬೆರಳು ತಾಗಿಸಿ, ಒಂದು ಹನಿ ಬರಬೇಕು. ಬಿರಡೆ ಸಡಿಲವಿದ್ದರೆ ಉಲ್ಟಾ ತೊಂದರೆ: ರಾತ್ರಿಯಿಡೀ ಸೋರಿ ಕೇಜ್ ಕೆರೆಯಾಗುತ್ತದೆ. ಒದ್ದೆಯಲ್ಲಿ ಕೂತ ಮೈಸ್ ಮರಿಗಳು ಚಳಿಗೆ ಬೆಳಗಾಗುವುದರೊಳಗೆ ಸಾಯುತ್ತವೆ.

ಕೇಜ್ ಬದಲಿಸುವಾಗ ಹಳೆಯ ಗೂಡಿನ ಹತ್ತಿ ಅಥವಾ ಕಾಗದದ ಚೂರು ಸ್ವಲ್ಪ ಹೊಸ ಕೇಜ್‌ಗೆ ಹಾಕಿ. ಮೂತ್ರ ತಾಗಿದ ಹೊಟ್ಟು ಬೇಡ, ಗೂಡಿನದ್ದು ಮಾತ್ರ. ತಮ್ಮದೇ ವಾಸನೆ ಇದ್ದರೆ ಗಂಡು ಮೈಸ್ ಕಚ್ಚಾಡುವುದು ಕಡಿಮೆ. ಮೈಸ್ ಅನ್ನು ಬಾಲ ಹಿಡಿದು ಎತ್ತುವುದು ಹಳೆಯ ಅಭ್ಯಾಸ. ಬೊಗಸೆಯಲ್ಲೋ ಚಿಕ್ಕ ಕೊಳವೆಯಲ್ಲೋ ಎತ್ತಿದರೆ ಅವು ಹೆದರುವುದು ಕಡಿಮೆ ಅಂತ 2010ರಲ್ಲೇ ಸಂಶೋಧನೆ ಬಂದಿದೆ. ಆದರೂ ಕೈ ಬಾಲಕ್ಕೇ ಹೋಗುತ್ತದೆ. ಮೊದಲ ದಿನದಿಂದಲೇ ಕೊಳವೆ ಹಿಡಿದವರಿಗೆ ಆ ಚಾಳಿ ಅಂಟುವುದಿಲ್ಲ. ಮೊಲವನ್ನಂತೂ ಕಿವಿ ಹಿಡಿದು ಎತ್ತಲೇಬೇಡಿ. ಹಿಂಗಾಲಿಗೆ ಆಧಾರ ಕೊಡದಿದ್ದರೆ ಒದ್ದಾಡಿ ತನ್ನ ಸೊಂಟದ ಮೂಳೆಯನ್ನೇ ಮುರಿದುಕೊಳ್ಳುತ್ತದೆ.

ಗಿನಿಪಿಗ್‌ಗೆ ನಮ್ಮ ಹಾಗೆ ವಿಟಮಿನ್ ಸಿ ಹೊರಗಿನಿಂದ ಬರಬೇಕು. ಪೆಲೆಟ್‌ನಲ್ಲಿ ಹಾಕಿರುತ್ತಾರೆ, ಆದರೆ ದಿನ ಹೋದ ಹಾಗೆ ಅದು ಕರಗುತ್ತದೆ. ಚೀಲದ ಮೇಲಿನ ತಯಾರಿಕೆ ತಾರೀಕು ನೋಡುವುದು ಅಟೆಂಡರ್ ಕೆಲಸ ಅಲ್ಲ ಅಂತ ಯಾರೂ ಹೇಳುವುದಿಲ್ಲ, ಆದರೆ ನೋಡುವವರೂ ಇಲ್ಲ. ನೀವು ನೋಡಿ.

ಸಂತಾನದ ಲೆಕ್ಕ ಬಾಯಲ್ಲಿರಲಿ. ಮೈಸ್‌ಗೆ ಗರ್ಭ 19ರಿಂದ 21 ದಿನ, ರ‍್ಯಾಟ್‌ಗೆ 21ರಿಂದ 23, ಮೊಲಕ್ಕೆ ಸುಮಾರು 31. ಗಿನಿಪಿಗ್‌ಗೆ ಎರಡು ತಿಂಗಳ ಮೇಲೆ. ಇಲಿ ಮರಿಗಳನ್ನು ಸುಮಾರು 21ನೇ ದಿನಕ್ಕೆ ತಾಯಿಯಿಂದ ಬೇರೆ ಮಾಡಿ, ಗಂಡು ಹೆಣ್ಣು ಪ್ರತ್ಯೇಕಿಸುತ್ತಾರೆ. ಇಲ್ಲಿ ತಡಮಾಡಿದರೆ ಯಾರೂ ಕೇಳದ ಮರಿಗಳು ಹುಟ್ಟುತ್ತವೆ, ಅವಕ್ಕೂ ಲೆಕ್ಕ ಕೊಡಬೇಕು.

ಕಚ್ಚಿದರೆ ಮುಚ್ಚಿಡಬೇಡಿ. ಸೋಪು ನೀರಿನಲ್ಲಿ ತೊಳೆದು, ಪುಸ್ತಕದಲ್ಲಿ ಬರೆಸಿ, ಆಸ್ಪತ್ರೆಗೆ ಹೋಗಿ. ಟೆಟನಸ್ ಲಸಿಕೆ ಮೊದಲೇ ಆಗಿರಬೇಕು.

5. ಬರೆಯದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ

ತಾಪಮಾನ, ತೇವಾಂಶ, ಸತ್ತ ಪ್ರಾಣಿ, ಹುಟ್ಟಿದ ಮರಿ, ಬದಲಿಸಿದ ಬೆಡ್ಡಿಂಗ್, ಎಲ್ಲಕ್ಕೂ ರಿಜಿಸ್ಟರ್ ಇದೆ. ಆ ಹೊತ್ತಿಗೇ ಬರೆಯಿರಿ. ತಪ್ಪಾದರೆ ವೈಟ್ನರ್ ಹಚ್ಚಬೇಡಿ, ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ, ತಾರೀಕು ಹಾಕಿ. ಶನಿವಾರ ಸಂಜೆ ಕೂತು ಇಡೀ ವಾರದ ತಾಪಮಾನವನ್ನು ಒಂದೇ ಪೆನ್ನಿನಲ್ಲಿ 23, 23, 24 ಅಂತ ತುಂಬಿದ ಪುಟವನ್ನು ತಪಾಸಣೆಗೆ ಬಂದವರು ದೂರದಿಂದಲೇ ಗುರುತಿಸುತ್ತಾರೆ.

6. ತರಬೇತಿ ಎಲ್ಲಿ

ಮೊದಲ ವರ್ಷ ಸರ್ಟಿಫಿಕೇಟ್‌ಗೆ ದುಡ್ಡು ಸುರಿಯಬೇಡಿ. ಹೈದರಾಬಾದ್‌ನ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆಗಳು ಈ ಕ್ಷೇತ್ರಕ್ಕೆ ದೇಶದ ತವರುಮನೆ ಇದ್ದ ಹಾಗೆ. ಅಲ್ಲಿಯ ರಾಷ್ಟ್ರೀಯ ಪೋಷಣಾ ಸಂಸ್ಥೆ ಬಹಳ ವರ್ಷ ಟೆಕ್ನಿಷಿಯನ್, ಸೂಪರ್‌ವೈಸರ್‌ಗಳಿಗೆ ತರಬೇತಿ ಕೊಟ್ಟಿದೆ. ಸಂಸ್ಥೆಯೇ ಕಳಿಸಿಕೊಡುವಂತೆ ಕೇಳಿ. ದೊಡ್ಡ ಕ್ಯಾಂಪಸ್‌ಗಳಲ್ಲಿ ಪಿಎಚ್‌ಡಿ ಮಾಡುವವರಿಗಾಗಿ ಪ್ರಾಣಿ ನಿರ್ವಹಣೆಯ ಕಾರ್ಯಾಗಾರ ನಡೆಯುತ್ತವೆ. ಅಲ್ಲಿ ಸಹಾಯಕರಾಗಿ ನಿಂತರೆ ಫೀಸಿಲ್ಲದೆ ಕಲಿಯಬಹುದು.

ಲ್ಯಾಬ್ ಪ್ರಾಣಿಗಳ ಕೆಲಸದವರಿಗಾಗಿ ಅಮೆರಿಕದ ಎಎಎಲ್ಎಎಸ್ ಸಂಸ್ಥೆ ನಡೆಸುವ ಪರೀಕ್ಷೆಗಳು ಮೂರು ಮೆಟ್ಟಿಲಿನವು: ಎಎಲ್ಎಟಿ, ಎಲ್ಎಟಿ, ಎಲ್ಎಟಿಜಿ. ಮ್ಯಾನೇಜರ್‌ಗಳಿಗೆ ಸಿಎಂಎಆರ್ ಅಂತ ಬೇರೆ ಇದೆ. ಫೀಸು ಡಾಲರ್ ಲೆಕ್ಕದಲ್ಲಿ. ಬೆಂಗಳೂರು, ಹೈದರಾಬಾದ್‌ನ ಕಂಪನಿಗಳಿಗೋ ಗಲ್ಫ್‌ಗೋ ಹೋಗುವ ಮನಸ್ಸಿದ್ದರೆ ಇದು ಉಪಯೋಗಕ್ಕೆ ಬರುತ್ತದೆ. ಇಲ್ಲೇ ಕಾಲೇಜಿನಲ್ಲಿ ಇರುವವರಿಗೆ ಅವಸರವಿಲ್ಲ.

7. ಅರ್ಜಿ ಹಾಕುವುದು

ಮಣಿಪಾಲದ ಮಾಹೆ ಕ್ಯಾಂಪಸ್, ದೇರಳಕಟ್ಟೆಯ ನಿಟ್ಟೆ ಮತ್ತು ಯೆನೆಪೋಯ ವಿಶ್ವವಿದ್ಯಾಲಯಗಳು, ಕಂಕನಾಡಿಯ ಫಾದರ್ ಮುಲ್ಲರ್, ಕುತ್ಪಾಡಿಯ ಎಸ್‌ಡಿಎಂ ಆಯುರ್ವೇದ ಕಾಲೇಜು, ಇವಲ್ಲದೆ ಅಲ್ಲಲ್ಲಿಯ ಫಾರ್ಮಸಿ ಕಾಲೇಜುಗಳು. ನಿಮ್ಮ ಪಟ್ಟಿ ಇಲ್ಲಿಂದ ಶುರುವಾಗಲಿ. ಸಂಸ್ಥೆ ನೋಂದಣಿ ಆಗಿದೆಯಾ ಅಂತ ಕೇಂದ್ರ ಸಮಿತಿಯ ಪಟ್ಟಿಯಲ್ಲಿ ನೋಡಿಕೊಳ್ಳಿ. ಈ ಹುದ್ದೆಗಳ ಜಾಹೀರಾತು ಪೇಪರ್‌ನಲ್ಲಿ ಬರುವುದು ಅಪರೂಪ. ಎಚ್‌ಆರ್‌ಗೆ ಮೇಲ್ ಕಳಿಸಿ ಕಾಯುವುದಕ್ಕಿಂತ ಫಾರ್ಮಕಾಲಜಿ (ಔಷಧಶಾಸ್ತ್ರ) ವಿಭಾಗಕ್ಕೆ ಹೋಗಿ ವಿಚಾರಿಸುವುದು ಮೇಲು. ರೆಸ್ಯೂಮೆಯಲ್ಲಿ "ಪ್ರಾಣಿಪ್ರಿಯ" ಅಂತ ಬರೆಯುವುದಕ್ಕಿಂತ ಮನೆಯಲ್ಲಿ ಎಷ್ಟು ಕೋಳಿ, ದನ, ಮೊಲ ಸಾಕಿದ್ದೀರಿ, ಯಾವ ಕಾಯಿಲೆ ಬಂದಾಗ ಏನು ಮಾಡಿದಿರಿ ಅಂತ ಬರೆಯಿರಿ. ಕೆಲಸ ಗೊತ್ತಿರುವವರು ಓದುವುದು ಅದನ್ನೇ.

8. ಮ್ಯಾನೇಜರ್ ಆಗಬೇಕಾದರೆ ಮಳೆಗಾಲ ಗೆಲ್ಲಿ

ಮಾರ್ಗಸೂಚಿಯ ಅಂಕೆ ಸರಳ. ತಾಪಮಾನ 18ರಿಂದ 29 ಡಿಗ್ರಿ, ತೇವಾಂಶ ಶೇ. 30ರಿಂದ 70, ಗಂಟೆಗೆ 12ರಿಂದ 15 ಸಲ ಕೋಣೆಯ ಗಾಳಿ ಬದಲಾಗಬೇಕು. ಈಗ ಜುಲೈ ತಿಂಗಳ ಒಂದು ದಿನ ನೆನಪಿಸಿಕೊಳ್ಳಿ. ಹೊರಗೆ ಜಡಿಮಳೆ, ಗಾಳಿಯ ತೇವ ಶೇ. 90 ದಾಟಿದೆ. ಗಂಟೆಗೆ 12 ಸಲ ಆ ಗಾಳಿಯನ್ನೇ ಒಳಗೆ ಎಳೆಯುತ್ತಿದ್ದೀರಿ. ಎಸಿ ಇದೆಯಲ್ಲಾ ಅನ್ನಬಹುದು. ಅಲ್ಲೇ ಇರುವುದು ಮೋಸ. ಏಪ್ರಿಲ್‌ನಲ್ಲಿ ಸೆಕೆಗೆ ಕಂಪ್ರೆಸರ್ ಎಡೆಬಿಡದೆ ಓಡುತ್ತದೆ, ಜೊತೆಗೆ ನೀರನ್ನೂ ಹಿಂಡಿ ಹೊರಗೆ ಹಾಕುತ್ತದೆ. ಜುಲೈನಲ್ಲಿ ಕೋಣೆ ತಾನಾಗಿಯೇ ತಂಪು. ಥರ್ಮೋಸ್ಟಾಟ್ ಸಾಕು ಅನ್ನುತ್ತದೆ, ಕಂಪ್ರೆಸರ್ ನಿಲ್ಲುತ್ತದೆ, ತೇವ ಒಳಗೇ ಉಳಿಯುತ್ತದೆ. ಮೀಟರಿನಲ್ಲಿ ತಾಪಮಾನ 24, ಎಲ್ಲ ಸರಿ. ತೇವಾಂಶ 85. ಬೆಡ್ಡಿಂಗ್ ಒಣಗುವುದಿಲ್ಲ, ಅಮೋನಿಯಾ ಏರುತ್ತದೆ, ಪೆಲೆಟ್‌ಗೆ ಬೂಸ್ಟು ಬರುತ್ತದೆ.

ಎಸಿಯಲ್ಲಿ ಇಟ್ಟ ತಾಪಮಾನವನ್ನು ಇನ್ನೂ ಇಳಿಸಿದರೆ ಕೋಣೆ ಥಂಡಿಯಾಗುತ್ತದೆ, ಗೋಡೆ ಬೆವರುತ್ತದೆ. ಬೇಕಾದದ್ದು ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್, ಅಥವಾ ಗಾಳಿಯನ್ನು ಮೊದಲು ತಂಪು ಮಾಡಿ ನೀರು ತೆಗೆದು ಮತ್ತೆ ಸ್ವಲ್ಪ ಬಿಸಿ ಮಾಡುವ ವ್ಯವಸ್ಥೆ. ಕರೆಂಟ್ ಬಿಲ್ ನೋಡಿ ಆಡಳಿತದವರು ಹೌಹಾರುತ್ತಾರೆ. ಮಾತಲ್ಲಿ ವಾದ ಮಾಡಬೇಡಿ. ಎರಡು ಮಳೆಗಾಲದ ತೇವಾಂಶದ ದಾಖಲೆಯನ್ನು, ಅದೇ ತಿಂಗಳ ಮರಿಗಳ ಸಾವಿನ ಲೆಕ್ಕದ ಪಕ್ಕ ಇಟ್ಟು ತೋರಿಸಿ. ಐದನೇ ಹೆಜ್ಜೆಯ ರಿಜಿಸ್ಟರ್ ಉಪಯೋಗಕ್ಕೆ ಬರುವುದು ಇಲ್ಲೇ.

ಉಮಿಯ ಕಥೆಯೂ ಹೀಗೆಯೇ. ನಮ್ಮಲ್ಲಿ ಅಕ್ಕಿ ಮಿಲ್ಲುಗಳಿರುವುದರಿಂದ ಬೆಡ್ಡಿಂಗ್‌ಗೆ ಉಮಿ ಸುಲಭವಾಗಿ ಸಿಗುತ್ತದೆ. ಆದರೆ ಮಳೆಯಲ್ಲಿ ಬಂದ ಉಮಿ ಒದ್ದೆ. ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಿಂದ ತೆಗೆದರೆ ಮುದ್ದೆ. ಮೇ ತಿಂಗಳು ಮುಗಿಯುವುದರೊಳಗೆ ಮಳೆಗಾಲದ ಉಮಿ ಒಳಗೆ ಬಂದಿರಬೇಕು. ಪೆಲೆಟ್ ವಿಷಯದಲ್ಲಿ ಇದರ ಉಲ್ಟಾ: ಜಾಸ್ತಿ ದಾಸ್ತಾನು ಬೇಡ, ಸ್ವಲ್ಪ ಸ್ವಲ್ಪ ತರಿಸಿ. ಚೀಲಗಳು ಮರದ ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ ಇರಲಿ. ಮುರಕಲ್ಲಿನ ಗೋಡೆ ನೀರು ಕುಡಿಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೂಸ್ಟು ಬಂದ ಪೆಲೆಟ್‌ನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಲಿವರ್‌ಗೆ ಹೊಡೆಯುತ್ತದೆ. ಲಿವರ್ ಔಷಧದ ಮೇಲೆ ಪ್ರಯೋಗ ನಡೆಯುತ್ತಿದ್ದರೆ ಇಡೀ ಫಲಿತಾಂಶವೇ ಹಾಳು.

ಕರೆಂಟ್ ಹೋದಾಗ ಎಲ್ಲರೂ ಜನರೇಟರ್ ನೋಡುತ್ತಾರೆ. ನೀವು ಲೈಟಿನ ಟೈಮರ್ ನೋಡಿ. ಇಲಿಗಳಿಗೆ 12 ಗಂಟೆ ಬೆಳಕು, 12 ಗಂಟೆ ಕತ್ತಲೆ. ಹಳೆಯ ತಿರುಗುವ ಟೈಮರ್ ಇದ್ದರೆ ಕರೆಂಟ್ ಇಲ್ಲದಷ್ಟು ಹೊತ್ತು ಅದೂ ನಿಂತಿರುತ್ತದೆ. ದಿನಕ್ಕೆ ಎರಡು ಗಂಟೆ ಹೋದರೂ ವಾರದಲ್ಲಿ ಹಗಲು ರಾತ್ರಿ ಅದಲುಬದಲು. ಹೆಣ್ಣುಗಳ ಋತುಚಕ್ರ ತಪ್ಪುತ್ತದೆ, ಮರಿ ಕಡಿಮೆಯಾಗುತ್ತದೆ, ಕಾರಣ ಯಾರಿಗೂ ಗೊತ್ತಾಗುವುದಿಲ್ಲ. ಗಾಳಿ ತಳ್ಳುವ ಐವಿಸಿ ಕೇಜ್‌ಗಳಿದ್ದರೆ ಆ ಬ್ಲೋವರ್‌ಗೆ ಯುಪಿಎಸ್ ಕಡ್ಡಾಯ.

ಮಳೆಗೆ ಬಿಲ ಮುಳುಗಿದ ಹೊರಗಿನ ಇಲಿ, ಹೆಗ್ಗಣಗಳು ಒಣ ಜಾಗ ಹುಡುಕುತ್ತವೆ. ಇಲಿ ಜ್ವರ ಕರಾವಳಿಗೆ ಹೊಸದಲ್ಲ. ಒಳಗಿನ ಇಲಿಗಿಂತ ಈ ನೆಂಟರದ್ದೇ ಹೆದರಿಕೆ. ಚರಂಡಿ ಬಾಯಿಗೆ ಜಾಲರಿ, ಬಾಗಿಲಿನ ಕೆಳಗೆ ತಗಡು, ಮೇ ತಿಂಗಳಲ್ಲೇ ಒಂದು ಸುತ್ತು ನೋಡಿ ಮುಗಿಸಿ.

ಸತ್ತ ಪ್ರಾಣಿಗಳು ಹಳದಿ ಚೀಲಕ್ಕೆ. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮ ಪ್ರಕಾರ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ರಸ್ತೆಗೆ ನೀರು ಬಂದು ಗಾಡಿ ಬರದ ದಿನ ಯಾರಿಗೆ ಫೋನ್ ಮಾಡಬೇಕು ಅಂತ ಗೋಡೆಯ ಮೇಲೆ ಬರೆದಿರಲಿ.

ಗೋಡೆಯ ಮೇಲೆ ಬರೆಯುವ ಮಾತು ಬಂತು. ಕೆಲಸದ ವಿಧಾನದ ಪತ್ರಗಳು, ಅಂದರೆ ಎಸ್ಒಪಿಗಳು, ಬಹುತೇಕ ಇಂಗ್ಲಿಷಿನಲ್ಲಿರುತ್ತವೆ. ಕೆಲಸ ಮಾಡುವವರು ಕನ್ನಡ, ತುಳು, ಬ್ಯಾರಿ ಮಾತಾಡುವವರು. ನೀವು ಮ್ಯಾನೇಜರ್ ಆದ ಮೊದಲ ವಾರವೇ ಮುಖ್ಯವಾದ ನಾಲ್ಕೈದನ್ನು ಕನ್ನಡದಲ್ಲಿ ಬರೆದು, ಚಿತ್ರ ಹಾಕಿ ಅಂಟಿಸಿ. ತಪ್ಪುಗಳು ಎಷ್ಟು ಕಡಿಮೆಯಾಗುತ್ತವೆ ನೀವೇ ನೋಡಿ.

9. ಐದು ವರ್ಷದ ಮೇಲೆ

ಪಾಠಕ್ಕಾಗಿ ಪ್ರಾಣಿ ಕೊಯ್ಯುವುದು ಕಾಲೇಜುಗಳಲ್ಲಿ ಹೆಚ್ಚುಕಡಿಮೆ ನಿಂತಿದೆ, ಕಂಪ್ಯೂಟರ್ ಬಂದಿದೆ. ಕಾಸ್ಮೆಟಿಕ್ಸ್‌ನ ಪ್ರಾಣಿ ಪರೀಕ್ಷೆಗೆ ದೇಶದಲ್ಲಿ 2014ರಲ್ಲೇ ನಿಷೇಧ ಬಂತು. ಹೊಸ ಔಷಧದ ನಿಯಮಗಳಿಗೆ 2023ರಲ್ಲಾದ ತಿದ್ದುಪಡಿ ಪ್ರಾಣಿ ಬಳಸದ ಪರೀಕ್ಷೆಗಳಿಗೂ ಜಾಗ ಕೊಟ್ಟಿದೆ. ಹಾಗಾಗಿ ಇಲಿ ಒಂದನ್ನೇ ನಂಬಿ ಕೂರುವುದು ಜಾಣತನ ಅಲ್ಲ. ಹೇಗಿದ್ದರೂ ಸಂಖ್ಯೆ ಕಡಿಮೆಯಾದಷ್ಟೂ ಇರುವ ಪ್ರಾಣಿಗಳ ಗುಣಮಟ್ಟದ ಮೇಲೆ ಕಣ್ಣು ಜಾಸ್ತಿಯಾಗುತ್ತದೆ, ಅಲ್ವಾ? ಅದನ್ನು ನೋಡಿಕೊಳ್ಳಲು ಬರುವವರಿಗೆ ಕೆಲಸ ತಪ್ಪುವುದಿಲ್ಲ.

ದಾರಿ ಎರಡಿವೆ. ಒಂದು ಜಿಎಲ್‌ಪಿ, ಅಂದರೆ ಲ್ಯಾಬ್ ಪರೀಕ್ಷೆಯನ್ನು ಹೇಗೆ ಮಾಡಿ ದಾಖಲಿಸಬೇಕು ಅನ್ನುವ ಗುಣಮಟ್ಟದ ನಿಯಮ. ಭಾರತ 2011ರಿಂದ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ ಈ ವ್ಯವಸ್ಥೆಯಲ್ಲಿದೆ, ಇಲ್ಲಿ ಜಿಎಲ್‌ಪಿ ಪ್ರಕಾರ ಮಾಡಿದ ಪರೀಕ್ಷೆಯನ್ನು ಬೇರೆ ಸದಸ್ಯ ದೇಶಗಳೂ ಒಪ್ಪುತ್ತವೆ. ಬೆಂಗಳೂರು, ಹೈದರಾಬಾದ್‌ನ ಪರೀಕ್ಷಾ ಕಂಪನಿಗಳು ನಿಂತಿರುವುದೇ ಇದರ ಮೇಲೆ. ರಿಜಿಸ್ಟರ್ ಚೆನ್ನಾಗಿ ಬರೆಯುವವರು ಅಲ್ಲಿ ಗುಣಮಟ್ಟ ವಿಭಾಗಕ್ಕೆ ಹೋಗಬಹುದು, ಇಲಿ ಮುಟ್ಟುವುದೂ ತಪ್ಪುತ್ತದೆ. ಅಲರ್ಜಿ ಶುರುವಾದವರಿಗೆ ಇದು ನಿಜವಾಗಿಯೂ ಒಳ್ಳೆಯ ದಾರಿ.

ಇನ್ನೊಂದು ಝೀಬ್ರಾ ಫಿಶ್. ಅರ್ಧ ಬೆರಳಿನಷ್ಟು ಉದ್ದದ ಮೀನು, ಮೊಟ್ಟೆ ಪಾರದರ್ಶಕ, ಹೃದಯ ಬಡಿಯುವುದು ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. ನೀರು 28 ಡಿಗ್ರಿಯ ಆಸುಪಾಸು ಬೇಕು. ನಮ್ಮೂರಿನ ಹವೆಗೆ ಹೀಟರ್ ಖರ್ಚೂ ಅಷ್ಟಿಲ್ಲ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಅಲ್ಲಿ ಬಿಎಫ್ಎಸ್ಸಿ ಓದಿದವರು ಈ ಕೆಲಸಕ್ಕೆ ಅರ್ಜಿ ಹಾಕುವುದನ್ನು ನಾನು ಕಂಡದ್ದು ಕಡಿಮೆ. ನೀರಿನ ಅಮೋನಿಯಾ, ಪಿಎಚ್ ಅಳೆಯಲು, ಮೀನಿನ ಕಾಯಿಲೆ ಗುರುತಿಸಲು ಅವರಿಗೆ ಮೊದಲೇ ಗೊತ್ತಿರುತ್ತದೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥವರಿದ್ದರೆ, ಮುಂದಿನ ಸಲ ಫಾರ್ಮಕಾಲಜಿ ವಿಭಾಗಕ್ಕೆ ವಿಚಾರಿಸಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.